ಆನೆ ಪೂರ್ತಿ ಕಾಣುವ ಕಾಸು

"ಗುರುಗಳೇ, ನನಗೆ ಒಂದೂ ತಿಳಿಯದಾಗಿದೆ," ಎಂದ ಪರ್ವತಯ್ಯ. ಗಂಟು ಕಟ್ಟಿ ಪಕ್ಕದಲ್ಲಿಟ್ಟುಕೊಂಡಿದ್ದ. "ಹಿಂದಿನ ಮಠದ ಗುರುಗಳು ಮಾತಾಡಿದರೆ ಮೈ ಜುಮ್ಮೆನ್ನುತ್ತಿತ್ತು. ನೀವು ಅಂಗಳ ಗುಡಿಸು ಎನ್ನುತ್ತೀರಿ, ತಪ್ಪಿದರೆ ಬೈಯುತ್ತೀರಿ. ಇಲ್ಲಿರುವುದು ನಿಜವಾದ ಜ್ಞಾನವೆಂದು ಹೇಗೆ ನಂಬಲಿ? ಇರಲೋ, ಹೋಗಲೋ?"

"ಹೋಗುವವನಿಗೆ ಬಾಗಿಲು ತೆರೆದೇ ಇದೆ ಮಾರಾಯ. ಒಂದು ಕತೆ ಕೇಳಿ ಹೋಗು," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿ. ಹಳೆಯ ನಾಣ್ಯಗಳ ಹುಚ್ಚು. ಮೊಬೈಲಿನಲ್ಲಿ ನಡೆಯುವ ಹರಾಜಿನಲ್ಲಿ ಪೈಪೋಟಿಗೆ ಬಿದ್ದು ಆನೆ ಮುದ್ರೆಯ ತಾಮ್ರದ ಕಾಸೊಂದನ್ನು ಕೊಂಡ. ಕಾಸು ದುಂಡಗಿತ್ತು. ಸೊಂಡಿಲಿನಿಂದ ಬಾಲದವರೆಗೆ ಆನೆ ಪೂರ್ತಿ ಕಾಣುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸಿದ. ಊರಿಗೆ ಅವನೇ ನಾಣ್ಯದ ಪಂಡಿತನಾದ. ಆ ಪದವಿ ಯಾರು ಕೊಟ್ಟರೋ ನನಗೆ ಗೊತ್ತಿಲ್ಲ.

ಹೊಳೆಯಾಚೆಯಿಂದ ಹೂ ಮಾರುವ ಹೆಂಗಸೊಬ್ಬಳು ಬಂದಳು. ಅವಳ ಮಗಳಿಗೆ ಕಣ್ಣು ಮಂಜಾಗುತ್ತಿತ್ತು, ಆಪರೇಷನ್ ಆಗಬೇಕಿತ್ತು. ಮುತ್ತಜ್ಜಿಯ ಕಾಲದ ಆನೆ ಕಾಸು ಮಾರಿದರೆ ಆ ಖರ್ಚು ಹುಟ್ಟುತ್ತದೆಂದು ಯಾರೋ ಹೇಳಿದ್ದರು. ವ್ಯಾಪಾರಿ ಅದನ್ನು ತನ್ನ ಕಾಸಿನ ಪಕ್ಕ ಇಟ್ಟು ನೋಡಿದ. ಅಂಚು ಸೊಟ್ಟ. ಆನೆಗೆ ಹಿಂಗಾಲೇ ಇಲ್ಲ.

"ಬೆಳ್ಳಗಿರುವುದೆಲ್ಲ ಹಾಲಲ್ಲ ತಾಯಿ. ಇದು ಖೋಟಾ," ಎಂದ. ಮೋಸ ಮಾಡುವ ಬುದ್ಧಿ ಅವನಿಗಿರಲಿಲ್ಲ. ಪಾಪ, ನಂಬಿಯೇ ಹೇಳಿದ. ತಿಳಿದವರ ಮಾತೆಂದು ಅವಳೂ ನಂಬಿದಳು.

ಮುಂದಿನ ವಾರ ನಾಣ್ಯ ಬಲ್ಲ ಮುದುಕನೊಬ್ಬ ಅಂಗಡಿಗೆ ಬಂದ. ಗಾಜಿನ ಪೆಟ್ಟಿಗೆ ನೋಡಿ ನಕ್ಕ. "ಇದು ಈಚೆಗೆ ಯಂತ್ರದಲ್ಲಿ ಒತ್ತಿದ್ದು. ಆ ಕಾಲದವರು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಆನೆ ಎಲ್ಲಿ ಪೂರ್ತಿ ಬೀಳುತ್ತದೆ? ಕಾಲೋ ಬಾಲವೋ ಅಂಚಿನಾಚೆ ಹೋಗಿಬಿಡುತ್ತದೆ."

ವ್ಯಾಪಾರಿಗೆ ಹೂವಿನವಳ ಹಿಂಗಾಲಿಲ್ಲದ ಆನೆ ನೆನಪಾಯಿತು. ಅಂಗಡಿ ಹಾಗೇ ಬಿಟ್ಟು ಹೊಳೆ ದಾಟಿ ಓಡಿದ. ಹೆಂಗಸು ಜಗಲಿಯಲ್ಲಿ ಹೂ ಕಟ್ಟುತ್ತಿದ್ದಳು. ಮಗಳು ಬುಟ್ಟಿಯಲ್ಲಿ ತಡವರಿಸಿ ಮೊಗ್ಗು ಆರಿಸಿ ಕೊಡುತ್ತಿದ್ದಳು.

"ಆ ಕಾಸು ಎಲ್ಲಿ ತಾಯಿ?"

"ಅವತ್ತೇ ಸೇತುವೆ ಮೇಲಿಂದ ಹೊಳೆಗೆ ಹಾಕಿದೆ ಸಾವ್ಕಾರ್ರೇ. ಖೋಟಾ ಅಂತ ನೀವೇ ಹೇಳಿದಿರಲ್ಲ."

ಗುರುಗಳು ಕತೆ ನಿಲ್ಲಿಸಿದರು. ಪರ್ವತಯ್ಯನ ಗೊಂದಲ ಇನ್ನೂ ಹೆಚ್ಚಾಯಿತು.

"ನಾನು ಕೇಳಿದ್ದು ಜ್ಞಾನದ ವಿಷಯ. ಈ ಕತೆಯಲ್ಲಿ ನಾನು ಯಾರು ಗುರುಗಳೇ?" ಎಂದ.

ಗುರುಗಳು ಅವನ ಗಂಟಿನ ಕಡೆ ನೋಡಿದರು.

"ನನ್ನನ್ನು ಯಾರ ಪಕ್ಕ ಇಟ್ಟು ನೋಡಿದೆಯೋ, ಪರ್ವತಯ್ಯ?"