ಹೊಸ್ತಿಲಲ್ಲಿ ಕೇಳಿದ ಮಾತು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನನ್ನು ಗುಡ್ಡದಾಚೆಯ ಮಠಕ್ಕೆ ಕಳಿಸುತ್ತೇನೆ ಎನ್ನುತ್ತೀರಿ. ಅಲ್ಲಿಯ ಜನ ಒರಟರೆಂದು ಊರೆಲ್ಲ ಹೇಳುತ್ತದೆ. ಇಷ್ಟು ಜನ ಹೇಳುವುದು ಸುಳ್ಳಾದೀತೇ?"

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಅವನ ಮಗಳಿಗೆ ಹೊಳೆಯಾಚೆಯ ಊರಿನಿಂದ ಸಂಬಂಧ ಬಂತು. ಹುಡುಗ ದುಡಿಯುವವನು, ಹುಡುಗಿಗೂ ಒಪ್ಪಿಗೆ. ರೈತ ಮಾತ್ರ ಬೇಡವೆಂದ. ಆ ಊರಿನವರು ಜಿಪುಣರು, ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ 'ಯಾವಾಗ ಹೊರಡುತ್ತೀರಿ' ಎಂದು ಕೇಳುತ್ತಾರೆ ಎಂಬುದು ಈಚೆ ದಡದ ಮಕ್ಕಳಿಗೂ ಗೊತ್ತಿತ್ತು. ಅಲ್ಲಿ ಒಂದು ರಾತ್ರಿ ಉಳಿದು ಬಂದವರು ಮಾತ್ರ ಯಾರೂ ಇರಲಿಲ್ಲ.

ಮಗಳು ಅತ್ತಳು. ಆಮೇಲೆ ಅಂದಳು: "ಎಪ್ಪಾ, ಹೋಗಿ ನೋಡಿ ಬಂದು ಬ್ಯಾಡ ಅನ್ನು. ನೋಡದನ ಅನಬ್ಯಾಡ."

ರೈತ ಹೋದ. ತಾನು ಯಾರೆಂದು ಹೇಳದೆ, ದಾರಿಹೋಕನ ಹಾಗೆ ಹುಡುಗನ ಮನೆಯ ಮುಂದೆ ನಿಂತ. ಹುಡುಗನ ಅಜ್ಜಿ ಕಾಲಿಗೆ ನೀರು ಕೊಟ್ಟಳು. ಅವನು ಕಾಲು ತೊಳೆಯುವ ಮೊದಲೇ ಕೇಳಿದಳು: "ಯಾವಾಗ ಹೊಂಡತೀರಿ?"

ರೈತನಿಗೆ ಮೈ ಉರಿಯಿತು. ತಿರುಗಿ ನಡೆದವನಿಗೆ ಮಗಳ ಮುಖ ನೆನಪಾಯಿತು. ಮರಳಿ ಬಂದು, ಹಲ್ಲು ಕಚ್ಚಿಕೊಂಡು "ನಾಳೆ ಮುಂಜಾನೆ" ಎಂದ. ಅಜ್ಜಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಅವನು ಉಂಡು ಕೈ ತೊಳೆದ ಮೇಲೂ ಆ ಸಪ್ಪಳ ನಿಲ್ಲಲಿಲ್ಲ.

ಬೆಳಿಗ್ಗೆ ಅವನ ಕೈಗೆ ಬುತ್ತಿಯ ಗಂಟು ಬಂತು. ಅಜ್ಜಿ ನೊಂದುಕೊಂಡೇ ಅಂದಳು: "ಒಂದ ದಿನ ಅಂದ್ರಿ, ಬರೇ ರೊಟ್ಟಿ ಆತು. ನಾಕ ದಿನ ಅಂದಿದ್ರ ಹೋಳಿಗಿ ಕಟ್ಟತಿದ್ವಿ. ಬಂದವ್ರನ್ನ ಬುತ್ತಿ ಇಲ್ಲದ ಹ್ಯಾಂಗ ಕಳಸೂದು? ಅದಕ್ಕ ಮೊದಲ ಕೇಳತೀವಿ. ನಿಮ್ಮ ಕಡೆ ಮಂದಿ ಕೇಳಿದ ಕೂಡಲೆ ತಿರುಗಿ ಹೋಗ್ತಾರ. ಭಾಳ ಸೊಕ್ಕಿನ ಮಂದಿ ಅಂತ ನಮ್ಮೂರಾಗೆಲ್ಲಾ ಮಾತೈತಿ."

ರೈತನಿಗೆ ನಾಚಿಕೆಯಾಯಿತು. ಗಂಟನ್ನು ಕೆಳಗಿಟ್ಟು ತಾನು ಯಾರೆಂದು ಹೇಳಿದ. ಇನ್ನೂ ಮೂರು ದಿನ ಉಳಿದ. ಹೋಳಿಗೆಯ ಗಂಟಿನ ಜೊತೆ ಲಗ್ನದ ಮಾತನ್ನೂ ಕಟ್ಟಿಕೊಂಡು ಮನೆಗೆ ಬಂದ.

ಶಿಷ್ಯ ಪಟ್ಟು ಬಿಡಲಿಲ್ಲ. "ಹಾಗಾದರೆ ಈಚೆ ದಡದವರೆಲ್ಲ ಸುಳ್ಳು ಹೇಳಿದರೇ?"

"ಇಲ್ಲಪ್ಪ, ಕಿವಿಗೆ ಬಿದ್ದದ್ದನ್ನೇ ಹೇಳಿದರು. ಉತ್ತರ ಕೊಡಲು ಯಾರೂ ನಿಲ್ಲಲಿಲ್ಲ, ಅಷ್ಟೆ."

ಶಿಷ್ಯ ಮತ್ತೇನೋ ಹೇಳಲು ಬಾಯಿ ತೆರೆದ. ಗುರುಗಳು ಅವನ ಮುಖ ನೋಡಿ ಕೇಳಿದರು: "ನೀನು ಯಾವಾಗ ಹೊರಡುತ್ತೀ?"