ದುಂಡವ್ವನ ಗುಡ್ಡ

ಬೇವಿನಾಳದ ಪಡುವಣಕ್ಕೆ, ಜೋಳದ ಹೊಲಗಳ ನಡುವೆ ಒಂಟಿಯಾಗಿ ನಿಂತಿರುವ ಗುಡ್ಡಕ್ಕೆ ಈಗ ದುಂಡವ್ವನ ಗುಡ್ಡವೆಂದೇ ಹೆಸರು. ನೆತ್ತಿಯ ಮೇಲೆ ಚಿಕ್ಕದೊಂದು ಕಲ್ಲುಗುಡಿ, ಬುಡದಲ್ಲಿ ಕೆರೆ. ಮೊದಲು ಇದನ್ನು ನಡುಸಣ್ಣವ್ವನ ಗುಡ್ಡ ಎನ್ನುತ್ತಿದ್ದರಂತೆ. ಹೆಸರು ತಿರುವುಮುರುವಾದದ್ದು ಗಾಣಿಗರ ಸೊಸೆ ನೀಲಗಂಗವ್ವನ ದೆಸೆಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಯಾವ ಅರಸರ ಕಾಲವೋ ದೇವರೇ ಬಲ್ಲ, ಯಾರೋ ದೊಡ್ಡವರು ದೇವಿಗೆ ಬೆಳ್ಳಿಯ ಕವಚ ಮಾಡಿಸಿಕೊಟ್ಟರು. ಎದೆ ತುಂಬಿ, ನಡು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ. ಜೊತೆಗೊಂದು ಬೆಳ್ಳಿಯ ಡಾಬು. ಅಲ್ಲಿಂದ ಊರಲ್ಲೊಂದು ಕಟ್ಟಳೆ ಹುಟ್ಟಿತು: ಬನದ ಹುಣ್ಣಿಮೆಗೆ ಕೆರೆಯಿಂದ ದೇವಿಯ ಕೊಡ ಹೊತ್ತು ತರುವವಳ ಸೊಂಟಕ್ಕೆ ಆ ಡಾಬು ಕೂಡಬೇಕು, ಕೂಡದಿದ್ದರೆ ಅವಳು ದೇವಿಗೆ ಬೇಡವಾದವಳು. ದೇವಿ ಹೀಗೆಂದು ಯಾರ ಕಿವಿಯಲ್ಲಿ ಬಂದು ಉಸುರಿದ್ದಳೋ! ಹುಣ್ಣಿಮೆ ಹತ್ತಿರವಾದಂತೆ ಊರಿನ ಹೆಣ್ಣುಮಕ್ಕಳು ರೊಟ್ಟಿಬುಟ್ಟಿ ಕಂಡರೆ ಮುಖ ತಿರುಗಿಸುತ್ತಿದ್ದರು.

ನೀಲಗಂಗವ್ವ ಮೈಕೈ ತುಂಬಿದ ಹೆಂಗಸು. ಮಗಳು ದಡಾರ ಬಂದು ಕಣ್ಣು ಬಿಡದೆ ಮಲಗಿದಾಗ, "ಇದೊಂದನ್ನ ಉಳಿಸಿಕೊಡು ತಾಯಿ, ನಿನ್ನ ಕೊಡ ನಾ ಹೊರ್ತೀನಿ" ಎಂದು ಹರಕೆ ಹೊತ್ತಿದ್ದಳು. ಮಗಳು ಎದ್ದು ಓಡಾಡಿದಳು. ಆದರೆ ಹರಕೆ ತೀರಿಸದಿದ್ದರೆ ಕೊಟ್ಟ ಕೂಸನ್ನು ದೇವಿ ಹಿಂದಕ್ಕೆ ಕೇಳಿಯಾಳೆಂಬ ದಿಗಿಲು ತಾಯಿಯ ಎದೆಯಲ್ಲಿ ಕೂತಿತು. ಪಾಪ, ತಿಂಗಳುಗಟ್ಟಲೆ ಬರೀ ಅಂಬಲಿ ಕುಡಿದು ದಿನ ನೂಕಿದಳು. ಮುಖ ಬಾಡಿತೇ ಹೊರತು ಸೊಂಟ ಜಗ್ಗಲಿಲ್ಲ. ಅವಳವ್ವನದೂ ಹಾಗೇ, ಅಜ್ಜಿಯದೂ ಹಾಗೇ. ಹುಟ್ಟಿನಿಂದ ಬಂದದ್ದು ಅಂಬಲಿಗೆ ಹೋದೀತೆ?

ಹುಣ್ಣಿಮೆಯ ಬೆಳಿಗ್ಗೆ ಗುಡಿಯ ಮುಂದೆ ಅವಳ ಸೊಂಟಕ್ಕೆ ಡಾಬು ಸುತ್ತಿದರು. ಉಸಿರು ಬಿಗಿಹಿಡಿದು ನಿಂತಳು. ಕೊಂಡಿಗೂ ಕೊಂಡಿಗೂ ನಡುವೆ ಗೇಣು ಜಾಗ ಉಳಿಯಿತು. "ತಾಯಿ ಒಲ್ಲೆ ಅಂದ್ಲವಾ, ನೀ ಕೆಳಗ ಇಳಿ" ಎಂದ ಊರಗೌಡ. ನೀಲಗಂಗವ್ವ ಮಗಳನ್ನು ಅವುಚಿಕೊಂಡು ಅಲ್ಲೇ ಕುಸಿದು ಗೊಳೋ ಎಂದು ಅತ್ತಳು.

ಕವಚದ ಹಿಂದಿನ ದೇವಿಯನ್ನು ಕಂಡವಳೆಂದರೆ ಮುದುಕಿ ಪೂಜಾರ್ತಿ ಕಾಶವ್ವ ಒಬ್ಬಳೇ. ಕಂಡದ್ದನ್ನು ಹೊರಗೆ ಆಡಬಾರದೆಂಬುದು ಪೂಜಾರಿಕೆಯ ನೇಮ. ಆ ಅಳು ಕೇಳಿದ ಮೇಲೆ ಮುದುಕಿಗೆ ನೇಮಗೀಮ ಯಾವುದೂ ನೆನಪಾಗಲಿಲ್ಲ. "ತಾ ಇಲ್ಲೆ!" ಎಂದು ಡಾಬು ಕಸಿದುಕೊಂಡು ಗರ್ಭಗುಡಿಗೆ ನುಗ್ಗಿದಳು, ದೇವಿಗೆ ಉಡಿಸಿದ್ದ ಸೀರೆ ಸರಿಸಿ, ಕವಚ ಕಳಚಿ ಕೆಳಗಿಟ್ಟಳು. ಅಲ್ಲಿದ್ದದ್ದು ನೆಲದಿಂದ ತಾನಾಗಿ ಎದ್ದ ಗುಂಡುಕಲ್ಲು, ಕಾಳು ತುಂಬಿದ ಕಣಜದಂತೆ ದುಂಡಗೆ. ಕಾಶವ್ವ ಎಲ್ಲರ ಕಣ್ಣೆದುರೇ ಅದಕ್ಕೆ ಡಾಬು ಸುತ್ತಿದಳು. ಅರ್ಧಕ್ಕೂ ಬರಲಿಲ್ಲ.

"ಗೌಡಪ್ಪಾ, ಈಕಿಗೂ ಕೂಡವಲ್ದು. ತಾಯೀನೂ ಗುಡ್ಡದ ಕೆಳಗ ಇಳಸೋಣೇನು?"

ಗೌಡ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಗುಡ್ಡವೆಲ್ಲ ನಗು. ನೀಲಗಂಗವ್ವ ಕಣ್ಣೊರೆಸಿಕೊಂಡು ಕೆರೆಗಿಳಿದಳು, ಕೊಡ ತುಂಬಿ ಹೊತ್ತು ತಂದು ದೇವಿಯ ನೆತ್ತಿಗೆ ಎರೆದಳು. ಎಷ್ಟೋ ವರ್ಷಗಳ ಮೇಲೆ ಆ ಕಲ್ಲು ಮೈತುಂಬ ನೀರು ಕಂಡಿತು. ಕವಚವನ್ನೂ ಡಾಬನ್ನೂ ಕರಗಿಸಿ ದೇವಿಗೆ ಕಣ್ಣು ಮಾಡಿಸಿದರು ಎನ್ನುತ್ತಾರೆ.

ಇಂದಿಗೂ ಗುಡಿಗೆ ಹೋದವರಿಗೆ ಕಾಣುವುದು ಬರಿಯ ಗುಂಡುಕಲ್ಲು, ಅದರಲ್ಲಿ ದೊಡ್ಡ ಬೆಳ್ಳಿಯ ಕಣ್ಣುಗಳು. ಊರಿಗೆ ಹೊಸದಾಗಿ ಬಂದ ಸೊಸೆಯಂದಿರು ದೇವಿಯನ್ನು ಎರಡೂ ತೋಳುಗಳಿಂದ ತಬ್ಬಿಕೊಳ್ಳುವುದು ವಾಡಿಕೆ. "ಕೈಗೆ ಕೈ ಕೂಡ್ತೇನವಾ?" ಎಂದು ಪೂಜಾರ್ತಿ ಕೇಳುತ್ತಾಳೆ. "ಇಲ್ಲಬೇ" ಎನ್ನುತ್ತಾಳೆ ಹುಡುಗಿ.

"ಹಂಗಾರ ಕೂಡು, ಹೊಟ್ಟಿತುಂಬ ಉಂಡು ಹೋಗು."