ತುಕ್ಕು ಕಾಣದ ಹೊಲ

"ಗುಡ್ಡದ ಗವಿಯಲ್ಲಿ ಮೂರು ವರ್ಷ ಒಬ್ಬನೇ ಇದ್ದೆ. ಒಂದು ದಿನವೂ ಸಿಟ್ಟು ಬರಲಿಲ್ಲ. ಇನ್ನು ಅಲ್ಲೇ ಇದ್ದುಬಿಡಲೇ, ಗುರುಗಳೇ?" ಎಂದು ಮಠಕ್ಕೆ ಇಳಿದು ಬಂದ ಚನ್ನಮಲ್ಲ ಕೇಳಿದ.

ಅವನು ಮಠ ಬಿಟ್ಟದ್ದು ಜೊತೆಯ ಶಿಷ್ಯ ಕೊಟ್ರಯ್ಯನ ಬಾಯಿಯ ದೆಸೆಯಿಂದ. ಇವನ ಧ್ಯಾನವೆಲ್ಲ ಹುಗ್ಗಿ ಬಡಿಸುವ ತನಕ ಎಂದು ಕೊಟ್ರಯ್ಯ ಪಂಕ್ತಿಯಲ್ಲಿ ಪಕ್ಕ ಕೂತು ದಿನಾ ಕೆಣಕುತ್ತಿದ್ದ. ಒಮ್ಮೆ ಚನ್ನಮಲ್ಲ ಅವನ ಮೇಲೆ ತಾಟು ಎಸೆದ. ಮರುದಿನವೇ ಗುಡ್ಡ ಹತ್ತಿದ.

ಗುರುಗಳು ಕತೆ ಹೇಳಿದರು.

ಒಬ್ಬ ರೈತ ಗೋದಿ ಬೆಳೆಯುತ್ತಿದ್ದ. ಎಲೆಗೆ ಕೆಂಪು ಪುಡಿ ಹತ್ತುವ ತುಕ್ಕು ರೋಗ ಅವನ ಊರಿಗೆ ತಪ್ಪಿದ್ದಲ್ಲ. ಪೈರಿನ ನಡುವೆ ನಡೆದರೆ ಧೋತರದ ಅಂಚು ಕೆಂಪಾಗುತ್ತಿತ್ತು. ಆ ಊರಿನವರು ರೋಗ ಜೋರಾದ ಮೂಲೆಗೇ ಹೋಗಿ, ಅಲ್ಲಿ ಹಸಿರಾಗಿ ನಿಂತ ಗಿಡಗಳಿಗೆ ಗುರುತಿಗೆಂದು ದಾರ ಕಟ್ಟುತ್ತಿದ್ದರು. ಕಾಳು ಸಣ್ಣದಾದರೂ ಬೀಜಕ್ಕೆ ಅದೇ. ಬಿತ್ತುವ ಮುಂಚೆ ಮನೆಗೊಂದು ಹಿಡಿ ತಂದು ಒಂದೇ ಬುಟ್ಟಿಯಲ್ಲಿ ಕಲಸಿ, ಎಲ್ಲರೂ ಅದರಿಂದ ಒಯ್ಯುತ್ತಿದ್ದರು.

ರೈತನಿಗೆ ಇದು ಸಾಕಾಯಿತು. ಎರಡು ದಿನದ ದಾರಿ ನಡೆದು, ಬೆಟ್ಟದ ಆಚೆ ಯಾರೂ ಉಳದ ನೆಲ ಹಿಡಿದ. ಅಲ್ಲಿ ತುಕ್ಕು ಇರಲಿಲ್ಲ. ನೆರೆಯವರೂ ಇರಲಿಲ್ಲ. ದಾರಕ್ಕೆ ಕೆಲಸ ತಪ್ಪಿತು. ಪ್ರತಿ ಸುಗ್ಗಿಯಲ್ಲೂ ಉದ್ದನೆಯ ತೆನೆಗಳನ್ನಷ್ಟೇ ಬೀಜಕ್ಕೆ ಆರಿಸಿದ. ರೋಗ ತಡೆಯಲೆಂದು ಒಂದಿಷ್ಟು ಬಲವನ್ನು ಒಳಗೇ ಎತ್ತಿಟ್ಟುಕೊಳ್ಳುವ ಗಿಡದ ತೆನೆ ತುಸು ಗಿಡ್ಡ. ಅಂಥವನ್ನು ಬೀಸಿ ಉಂಡ.

ಹದಿನೈದು ವರ್ಷ ಕಳೆಯಿತು. ತೆನೆ ಗೇಣುದ್ದವಾಯಿತು. ಇಡೀ ಹೊಲ ಒಂದೇ ಎತ್ತರಕ್ಕೆ ನಿಂತಿತು. ಅವನು ಒಂದು ತೆನೆ ಕಿತ್ತು ಕೈಯಲ್ಲಿ ಹಿಡಿದು ಬದುವಿನ ಮೇಲೆ ಕೂರುತ್ತಿದ್ದ. ತೋರಿಸಲು ಯಾರೂ ಇಲ್ಲ. ಒಮ್ಮೊಮ್ಮೆ ಎತ್ತಿಗೆ ತೋರಿಸುತ್ತಿದ್ದ. ಎತ್ತು ಬಾಯಿ ಚಾಚುತ್ತಿತ್ತು.

ಹದಿನಾರನೆಯ ವರ್ಷ ಗಾಳಿ ಆ ಕಡೆ ತಿರುಗಿತು. ತೆನೆ ಹೊರಡುವ ಹೊತ್ತಿಗೆ ಧೋತರದ ಅಂಚು ಕೆಂಪಾಯಿತು. ರೈತ ಹಳೆಯ ದಾರದ ಉಂಡೆ ಹುಡುಕಿ ತೆಗೆದ. ಮೂಲೆಯಿಂದ ಮೂಲೆಗೆ ಮೂರು ದಿನ ನಡೆದ. ದಾರ ಕಟ್ಟಲು ಒಂದು ಗಿಡವೂ ಸಿಗಲಿಲ್ಲ.

ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಊರಿಗೆ ಇಳಿದ. ಗುರುತು ಹಿಡಿದವಳು ಅಕ್ಕ ಒಬ್ಬಳೇ. ಅವಳ ಹೊಲದಲ್ಲೂ ತುಕ್ಕು ಇತ್ತು. ಒಂದು ಗಿಡ ಎತ್ತರ, ಒಂದು ಗಿಡ್ಡ. ಕಾಲುಭಾಗ ಒಣಗಿತ್ತು. ಮಿಕ್ಕದ್ದು ತೆನೆ ಬಿಟ್ಟಿತ್ತು.

"ಅಕ್ಕಾ, ತುಕ್ಕಿಗೆ ಬಗ್ಗದ ಆ ಬೀಜ ಇದರಲ್ಲಿ ಯಾವುದು? ಅದೊಂದನ್ನೇ ಕೊಡು" ಎಂದ.

"ಅಂಥದ್ದು ಒಂದಿದ್ದಿದ್ದರೆ ನಾವ್ಯಾಕೋ ಕಲಸುತ್ತಿದ್ದೆವು? ಹೋದ ವರ್ಷ ನಿಂತದ್ದು ಈ ವರ್ಷ ಬಿತ್ತು. ತುಕ್ಕೂ ಸುಮ್ಮನೆ ಕೂರುವುದಿಲ್ಲ, ತಮ್ಮಾ. ಅದು ಕಲಿತ ಹಾಗೆ ಪೈರೂ ಕಲಿಯಬೇಕು. ನಿನ್ನದು ಹದಿನೈದು ವರ್ಷ ಉಂಡು ಮಲಗಿತ್ತು" ಎಂದಳು.

ರೈತ ಅಲ್ಲೇ ಉಳಿದ. ಬಿತ್ತನೆಗೆ ಮುಂಚೆ ಊರವರು ಬುಟ್ಟಿಯ ಸುತ್ತ ಸೇರಿದರು. ಮನೆಗೊಂದು ಹಿಡಿ ಕಾಳು ಬಿತ್ತು. ಅವನು ಎಲ್ಲರ ಹಿಂದೆ ನಿಂತಿದ್ದ. ಹಾಕಲು ಅವನ ಕೈಯಲ್ಲಿ ಏನೂ ಇರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಒಳಗೆ ಊಟದ ಗಂಟೆ ಹೊಡೆಯಿತು. ತಾನು ಗುಡ್ಡಕ್ಕೆ ಹೋಗಲೋ ಬೇಡವೋ ಎಂದು ಚನ್ನಮಲ್ಲ ಮತ್ತೊಮ್ಮೆ ಕೇಳಿದ.

"ಹೋಗು. ಕೊಟ್ರಯ್ಯ ಇನ್ನೂ ಹಾಗೇ ಇದ್ದಾನೆ, ಅವನ ಪಕ್ಕ ಕೂತು ಉಂಡು ಹೋಗು."